ಉಳುಕಿದ ಕಾಲಿಗೆ ಮರುಪಾಠ

ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಶಾಲಾ ಕ್ರೀಡಾಕೂಟಗಳ ಸರದಿ ಆರಂಭವಾಯಿತೆಂದರೆ, ಮೈದಾನದ ಬದಿಯಲ್ಲಿ ಪಾದ ಹಿಡಿದು ಕುಳಿತ ಒಬ್ಬ ಹುಡುಗನೋ ಹುಡುಗಿಯೋ ಕಣ್ಣಿಗೆ ಬೀಳುವುದು ಸಾಮಾನ್ಯ. ಕೊಕ್ಕೊದಲ್ಲಿ ಕಂಬ ಸುತ್ತುವಾಗ, ಕಬಡ್ಡಿಯಲ್ಲಿ ತಟ್ಟನೆ ಹಿಂತಿರುಗುವಾಗ, ವಾಲಿಬಾಲ್‌ನಲ್ಲಿ ಜಿಗಿದು ಇನ್ನೊಬ್ಬರ ಪಾದದ ಮೇಲೆ ಇಳಿದಾಗ ಕಾಲು ಒಳಕ್ಕೆ ಮಡಚಿಕೊಳ್ಳುತ್ತದೆ. ಮನೆಯಲ್ಲಿ ಬಿಸಿ ಎಣ್ಣೆ ಹಚ್ಚಿ ನೀವುತ್ತಾರೆ. ನಾಲ್ಕು ದಿನ ಶಾಲೆಗೆ ರಜೆ. ಬಾವು ಇಳಿಯುತ್ತದೆ, ನೋವು ಹೋಗುತ್ತದೆ, ಮಗು ಮತ್ತೆ ಮೈದಾನಕ್ಕೆ ಓಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಕಾಲು ಮತ್ತೆ ಉಳುಕುತ್ತದೆ.

‘ಒಮ್ಮೆ ಉಳುಕಿದ ಕಾಲಿನ ಕಥೆಯೇ ಅಷ್ಟು’ ಎಂದು ಹಿರಿಯರು ಹೇಳುವುದುಂಟು. ಇದು ಹಣೆಬರಹವಲ್ಲ, ಬಹಳಷ್ಟು ಸಲ ಅರ್ಧಕ್ಕೇ ನಿಂತ ಚಿಕಿತ್ಸೆಯ ಫಲ. ನೋವು ಹೋಗುವುದು ಬೇರೆ, ಕಾಲು ಗುಣವಾಗುವುದು ಬೇರೆ. ಇವೆರಡರ ನಡುವಿನ ದಾರಿಯನ್ನು ದಾಟಿಸುವುದೇ ಫಿಸಿಯೋಥೆರಪಿ, ಅಂದರೆ ವ್ಯಾಯಾಮ ಚಿಕಿತ್ಸೆಯ ಕೆಲಸ.

ಒಳಗೆ ಆಗುವುದೇನು?

ಪಾದದ ಕೀಲಿನಲ್ಲಿ ಮೂರು ಮೂಳೆಗಳು ಕೂಡುತ್ತವೆ. ಕಣಕಾಲಿನ ಎರಡು ಮೂಳೆಗಳ ತುದಿಗಳು ಒಳಬದಿಯಲ್ಲೂ ಹೊರಬದಿಯಲ್ಲೂ ಗಂಟುಗಳಾಗಿ ಇಳಿದು, ನಡುವೆ ಪಾದದ ಮೇಲ್ಮೂಳೆಯನ್ನು ಇಕ್ಕಳದಂತೆ ಹಿಡಿದಿರುತ್ತವೆ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಗಟ್ಟಿ ಪಟ್ಟಿಗಳೇ ಅಸ್ಥಿರಜ್ಜುಗಳು; ವೈದ್ಯರು ಲಿಗಮೆಂಟ್ ಎನ್ನುವುದು ಇವನ್ನೇ. ಹೊರಬದಿಯಲ್ಲಿ ಇಂಥ ಮೂರು ರಜ್ಜುಗಳಿವೆ. ಅವುಗಳಲ್ಲಿ ಮುಂಭಾಗದ್ದು ಎಲ್ಲಕ್ಕಿಂತ ದುರ್ಬಲ. ಪಾದ ಒಳಕ್ಕೆ ಮಡಚಿದಾಗ ಸಾಮಾನ್ಯವಾಗಿ ಮೊದಲು ಜಗ್ಗುವುದು, ಹರಿಯುವುದು ಅದೇ.

ಆದರೆ ಅಸ್ಥಿರಜ್ಜು ಬರಿಯ ಹಗ್ಗವಲ್ಲ. ಅದರಲ್ಲಿ ನರಗಳ ಸೂಕ್ಷ್ಮ ತುದಿಗಳಿವೆ. ಪಾದ ಎಷ್ಟು ವಾಲಿದೆ, ಯಾವ ವೇಗದಲ್ಲಿ ವಾಲುತ್ತಿದೆ ಎಂಬ ಸುದ್ದಿಯನ್ನು ಇವೂ ಸ್ನಾಯುಗಳಲ್ಲಿರುವ ನರತುದಿಗಳೂ ಬೆನ್ನುಹುರಿಗೆ, ಮಿದುಳಿಗೆ ಕಳುಹಿಸುತ್ತಲೇ ಇರುತ್ತವೆ. ಕಲ್ಲಿನ ಮೇಲೆ ಕಾಲಿಟ್ಟೊಡನೆ ನೋಡದೆಯೇ ಪಾದ ಸರಿಹೋಗುವುದು ಈ ಸುದ್ದಿಯಿಂದಲೇ. ಉಳುಕಿದಾಗ ಈ ವ್ಯವಸ್ಥೆಗೂ ಪೆಟ್ಟು ಬೀಳುತ್ತದೆ. ರಜ್ಜು ಕೂಡಿಕೊಂಡರೂ ಸುದ್ದಿ ತಡವಾಗಿ ಬರುತ್ತದೆ. ಪಾದವನ್ನು ಹೊರಕ್ಕೆಳೆದು ಕಾಪಾಡಬೇಕಾದ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಕಾಲು ಮತ್ತೆ ಮಡಚಿರುತ್ತದೆ.

1965ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರವೈದ್ಯ ಮೈಕೇಲ್ ಫ್ರೀಮನ್ ಈ ಅಂಶದತ್ತ ವೈದ್ಯಲೋಕದ ಗಮನ ಸೆಳೆದರು. ಪದೇ ಪದೇ ಸೋಲುವ ಕಾಲಿಗೆ ಓಲಾಡುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಕೊಡಬೇಕೆಂದು ಅವರು ಹೇಳಿದರು. ಅವರ ವಿವರಣೆಗೆ ಮುಂದೆ ಅನೇಕ ತಿದ್ದುಪಡಿಗಳು ಸೇರಿದವು. ಆದರೆ ಸಮತೋಲನದ ವ್ಯಾಯಾಮ ಮಾತ್ರ ಇಂದಿಗೂ ಈ ಚಿಕಿತ್ಸೆಯ ಮುಖ್ಯ ಭಾಗವಾಗಿಯೇ ಉಳಿದಿದೆ.

ಉಳುಕೋ, ಮುರಿತವೋ?

ವ್ಯಾಯಾಮದ ಮಾತಿಗೆ ಮೊದಲು ಮೂಳೆ ಮುರಿದಿಲ್ಲವೆಂದು ಖಚಿತವಾಗಬೇಕು. ಇದಕ್ಕಾಗಿ ಕೆನಡಾದ ಒಟ್ಟಾವಾದಲ್ಲಿ ಡಾ. ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳನ್ನು ವೈದ್ಯರು ಹಲವೆಡೆ ಅನುಸರಿಸುತ್ತಾರೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ, ಎರಡು ಸಲವೂ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕು. ಒಳಗಂಟು ಅಥವಾ ಹೊರಗಂಟಿನ ತುದಿಯನ್ನಾಗಲಿ, ಅದರ ಹಿಂಬದಿಯ ಅಂಚಿನಲ್ಲಿ ಮೇಲಕ್ಕೆ 6 ಸೆಂಟಿಮೀಟರಿನೊಳಗಾಗಲಿ ಮೂಳೆಯನ್ನು ಒತ್ತಿದಾಗ ನೋವಾದರೂ ಬೇಕು. ಪಾದದ ನಡುಭಾಗದಲ್ಲಿ, ಕಿರುಬೆರಳಿನ ಸಾಲಿನ ಮೂಳೆಯ ಬುಡವನ್ನೋ ಒಳಬದಿಯ ಉಬ್ಬು ಮೂಳೆಯನ್ನೋ ಒತ್ತಿದಾಗ ನೋವಿದ್ದರೂ ಹಾಗೆಯೇ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ತೆಳು ಫಲಕವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಪೆಟ್ಟು ಅಲ್ಲಿಗೆ ಬಿದ್ದಿದ್ದರೆ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಕಾಣುವುದಿಲ್ಲ. ವೈದ್ಯರು ನೋಡುವ ಮುನ್ನವೇ ‘ಉಳುಕು ತೆಗೆಸಲು’ ಕರೆದೊಯ್ದು ಕಾಲನ್ನು ಎಳೆಸುವುದು, ತಿರುಚಿಸುವುದು ಅಪಾಯ.

ಮೊದಲ ದಿನಗಳು

ಮೊದಲ ಎರಡು ಮೂರು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು, ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಬೇಕು. ಬೆರಳುಗಳು ಮರಗಟ್ಟಿದರೆ, ತಣ್ಣಗಾದರೆ ಕಟ್ಟು ಬಿಗಿಯಾಯಿತೆಂದೇ ಅರ್ಥ. ಬಿಸಿ ಶಾಖ, ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು ಈ ದಿನಗಳಲ್ಲಿ ಬೇಡ. ಒಳಗಿನ ರಕ್ತಸ್ರಾವ, ಬಾವು ಹೆಚ್ಚಬಹುದು. ವಿಶ್ರಾಂತಿ, ಮಂಜುಗಡ್ಡೆ, ಕಟ್ಟು, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಡಾ. ಗೇಬ್ ಮಿರ್ಕಿನ್. ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು 2014ರಲ್ಲಿ ಅವರೇ ಬರೆದರು. ಆದ್ದರಿಂದ ನೋವು ತಗ್ಗಿಸಲಷ್ಟೇ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ನೋವು ತಡೆಯುವಷ್ಟಿದ್ದರೆ ಕೋಲಿನ ಆಸರೆಯಲ್ಲಿ ಮೆಲ್ಲಗೆ ನಡೆಯುವುದು ಹಾಸಿಗೆಯಲ್ಲಿ ಮಲಗಿರುವುದಕ್ಕಿಂತ ಒಳ್ಳೆಯದು.

ಪಾಠ ನಾಲ್ಕು

ಮುರಿತವಿಲ್ಲವೆಂದು ತಿಳಿದ ಮೇಲೆ ವ್ಯಾಯಾಮಗಳು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತವೆ. ಮೊದಲ ಪಾಠ ಚಲನೆಯದು. ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಬರೆಯಬೇಕು. ದುಂಡು ದುಂಡಾದ ಕನ್ನಡ ಅಕ್ಷರಗಳು ಕೀಲನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತವೆ. ಪಾದದ ಮುಂಭಾಗಕ್ಕೆ ಟವೆಲ್ ಹಾಕಿ ತನ್ನತ್ತ ಎಳೆದುಕೊಂಡರೆ ಮೀನಖಂಡ ಸಡಿಲವಾಗುತ್ತದೆ. ಹಿಮ್ಮಡಿ ಎತ್ತದೆ ಕುಕ್ಕರಗಾಲಿನಲ್ಲಿ ಕೂರಲು ಮೊದಲಿನಂತೆ ಸಾಧ್ಯವಾದರೆ ಚಲನೆ ಬಹುಮಟ್ಟಿಗೆ ಮರಳಿದೆ ಎನ್ನಬಹುದು.

ಎರಡನೆಯದು ಬಲದ ಪಾಠ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮೇಜಿನ ಕಾಲಿಗೆ ಕಟ್ಟಿ, ಅದರ ಕುಣಿಕೆಯಲ್ಲಿ ಪಾದವಿಟ್ಟು, ಮೊಣಕಾಲು ಕದಲಿಸದೆ ಪಾದವನ್ನು ಹೊರಕ್ಕೆ ತಳ್ಳಬೇಕು. ಹತ್ತು ಹತ್ತರಂತೆ ಮೂರು ಸಲ. ಮುಂದೆ ಗೋಡೆ ಹಿಡಿದು ಎರಡೂ ಹಿಮ್ಮಡಿಗಳನ್ನು ಎತ್ತಿ ಇಳಿಸುವುದು. ಅದು ಸಲೀಸಾದ ಮೇಲೆ ಒಂದೇ ಕಾಲಿನಲ್ಲಿ.

ಮೂರನೆಯದು ಸಮತೋಲನ. ಹೆಚ್ಚಿನವರು ಬಿಟ್ಟುಬಿಡುವ ಪಾಠ ಇದೇ. ಗೋಡೆಯ ಪಕ್ಕದಲ್ಲಿ ಉಳುಕಿದ ಕಾಲೊಂದರ ಮೇಲೇ 30 ಸೆಕೆಂಡ್ ನಿಲ್ಲಬೇಕು. ಸುಲಭವಾದಾಗ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಜಮಖಾನದ ಮೇಲೆ. ಕೊನೆಗೆ ಹಾಗೆಯೇ ನಿಂತು ಗೆಳೆಯನೊಂದಿಗೆ ಚೆಂಡು ಹಿಡಿಯುವ ಆಟ.

ನಾಲ್ಕನೆಯದು ಕುಪ್ಪಳಿಸುವ ಪಾಠ. ಇದಕ್ಕೆ ಹೊಸ ಸಲಕರಣೆ ಏನೂ ಬೇಡ. ಅಂಗಳದಲ್ಲಿ ಗೆರೆ ಎಳೆದರೆ ಕುಂಟೆಬಿಲ್ಲೆ ಇದೆ. ಒಂಟಿ ಕಾಲಿನಲ್ಲಿ ಮುಂದಕ್ಕೆ, ಪಕ್ಕಕ್ಕೆ ಜಿಗಿದು ಗೆರೆ ಮುಟ್ಟದೆ ನಿಲ್ಲುವುದು ಕಾಲಿಗೆ ಒಳ್ಳೆಯ ಪರೀಕ್ಷೆ. ಬಳಿಕ ನೇರ ಓಟ, ಎಂಟರ ಆಕಾರದ ಓಟ, ತಟ್ಟನೆ ನಿಂತು ತಿರುಗುವ ಓಟ.

ಎಲ್ಲ ಹಂತಕ್ಕೂ ಅಳತೆಗೋಲು ಒಂದೇ. ವ್ಯಾಯಾಮದ ವೇಳೆ ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆ ನೋವೋ ಬಾವೋ ಹೆಚ್ಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಮನೆಯಲ್ಲೇ ಮಾಡಿದರೆ ಫಲವುಂಟೇ?

ನೆದರ್ಲೆಂಡ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಕಾಲು ಉಳುಕಿಸಿಕೊಂಡಿದ್ದ 522 ಆಟಗಾರರಲ್ಲಿ ಒಂದು ಗುಂಪು ಎಂದಿನ ಚಿಕಿತ್ಸೆಯ ಜೊತೆಗೆ 8 ವಾರ, ವಾರಕ್ಕೆ 3 ದಿನ, ಹೆಚ್ಚೆಂದರೆ ಅರ್ಧ ಗಂಟೆ ಸಮತೋಲನದ ವ್ಯಾಯಾಮಗಳನ್ನು ಮನೆಯಲ್ಲಿ ತಾವಾಗಿಯೇ ಮಾಡಿತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಒಂದು ವರ್ಷದೊಳಗೆ ಮತ್ತೆ ಕಾಲು ಉಳುಕಿದವರು ಎರಡನೆಯ ಗುಂಪಿನಲ್ಲಿ ಶೇಕಡಾ 33, ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇಕಡಾ 22. ಉಳುಕು ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ಖರ್ಚಿಲ್ಲದ ಅಭ್ಯಾಸಕ್ಕೆ ಇದು ಸಣ್ಣ ಲಾಭವಲ್ಲ. ಆರಂಭದಲ್ಲಿ ಒಂದೆರಡು ಬಾರಿಯಾದರೂ ಫಿಸಿಯೋಥೆರಪಿ ತಜ್ಞರ ಬಳಿ ಕಲಿತು, ಉಳಿದದ್ದನ್ನು ಮನೆಯಲ್ಲಿ ಮುಂದುವರಿಸಬಹುದು.

ಪಂದ್ಯ ಮುಂದಿನ ವಾರವಿದ್ದರೆ?

ಪೋಷಕರಿಗೂ ದೈಹಿಕ ಶಿಕ್ಷಣ ಶಿಕ್ಷಕರಿಗೂ ಕಷ್ಟದ ಪ್ರಶ್ನೆ ಇದು. ತಂಡಕ್ಕೆ ಆಟಗಾರ ಬೇಕು. ಮಗುವಿಗೆ ಪ್ರಮಾಣಪತ್ರ ಬೇಕು, ಕ್ರೀಡಾ ಕೋಟಾದ ಆಸೆಯಿದೆ. ‘ನೋವೇ ಇಲ್ಲ’ ಎಂದು ಮಗು ಪ್ರಮಾಣ ಮಾಡಿ ಹೇಳುತ್ತದೆ. ಕುಂಟುವುದನ್ನು ಮರೆಮಾಚುವುದೂ ಉಂಟು. ಲಘು ಉಳುಕಾದರೆ ಒಂದೆರಡು ವಾರ, ರಜ್ಜು ಭಾಗಶಃ ಹರಿದಿದ್ದರೆ ಮೂರರಿಂದ ಆರು ವಾರ, ಪೂರ್ತಿ ಹರಿದಿದ್ದರೆ ಅದಕ್ಕೂ ಹೆಚ್ಚು ಕಾಲ ಬೇಕಾಗುವುದು ಸಾಮಾನ್ಯ. ಆದರೂ ನಿರ್ಧಾರ ಕ್ಯಾಲೆಂಡರಿನದಾಗಬಾರದು, ಕಾಲಿನದಾಗಬೇಕು. ಒಂಟಿ ಕಾಲಿನ ಜಿಗಿತದಲ್ಲಿ ಉಳುಕಿದ ಕಾಲು ಒಳ್ಳೆಯ ಕಾಲಿನ ಹತ್ತರಲ್ಲಿ ಒಂಬತ್ತು ಪಾಲಾದರೂ ದೂರ ಹೋಗಬೇಕು, ಓಡಿ ತಿರುಗುವಾಗ ಅಳುಕು ಇರಬಾರದು. ಹಾಗಾದ ಮೇಲೂ ಕೆಲವು ತಿಂಗಳು ಆಟದ ವೇಳೆ ಕಾಲಿಗೆ ಆಧಾರಪಟ್ಟಿ ಧರಿಸುವುದು ಕ್ಷೇಮ.

ಈ ವರ್ಷದ ಒಂದು ಪಂದ್ಯ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಪದೇ ಪದೇ ಉಳುಕಿ ಸಡಿಲವಾದ ಕೀಲು ಮಾತ್ರ ಮೆಟ್ಟಿಲಿಳಿಯುವಾಗಲೂ ಗದ್ದೆ ಬದುವಿನಲ್ಲಿ ನಡೆಯುವಾಗಲೂ ಕೈಕೊಡುತ್ತದೆ. ವರ್ಷಗಳು ಕಳೆದಂತೆ ಸವೆಯಲೂಬಹುದು. ಆದ್ದರಿಂದ ಮಗು ಬೂಟು ಹಾಕಿಕೊಂಡು ಹೊರಟಾಗ ‘ನೋವು ಹೋಯಿತಾ?’ ಎಂದು ಕೇಳಿದರೆ ಸಾಲದು. ‘ಎಲ್ಲಿ, ಕಣ್ಣು ಮುಚ್ಚಿ ಆ ಕಾಲೊಂದರ ಮೇಲೆ ನಿಲ್ಲು ನೋಡೋಣ’ ಎಂದೂ ಹೇಳಬೇಕು.