ಭರವಸೆಗಿಂತ ವಿನ್ಯಾಸ ಗಟ್ಟಿ

ಕೋವಿಡ್ ಸಂಪರ್ಕ ಪತ್ತೆಗೆ ಸಿಂಗಪುರ 2020ರ ಮಾರ್ಚ್‌ನಲ್ಲಿ ‘ಟ್ರೇಸ್‌ಟುಗೆದರ್’ ಆ್ಯಪ್ ತಂದಿತು. ಮಾಹಿತಿ ಬೇರೆ ಕೆಲಸಕ್ಕೆ ಬಳಕೆಯಾಗದೆಂದು ಸರ್ಕಾರ ಮಾತು ಕೊಟ್ಟಿತ್ತು. 2021ರ ಜನವರಿಯಲ್ಲಿ ಸಂಸತ್ತಿಗೆ ತಿಳಿದದ್ದೇ ಬೇರೆ: ಅಪರಾಧ ತನಿಖೆಗೆ ಪೊಲೀಸರು ಆ ಮಾಹಿತಿಯನ್ನು ಕೇಳಬಹುದಿತ್ತು, ಒಂದು ಕೊಲೆ ಪ್ರಕರಣದಲ್ಲಿ ಕೇಳಿಯೂ ಇದ್ದರು. ಗುರುತು ಬಿಡಿಸುವ ಕೀಲಿ ಸರ್ಕಾರದ ಕೈಯಲ್ಲೇ ಇದ್ದಾಗ ಇದರಲ್ಲಿ ಅಚ್ಚರಿಯೇನಿದೆ? ಜರ್ಮನಿಯಾದರೋ ತನ್ನ ಆ್ಯಪ್‌ಗೆ ಯೋಜಿಸಿದ್ದ ಕೇಂದ್ರೀಕೃತ ವಿನ್ಯಾಸವನ್ನು 2020ರ ಏಪ್ರಿಲ್‌ನಲ್ಲೇ ಕೈಬಿಟ್ಟು, ಸಂಪರ್ಕದ ತಾಳೆ ಜನರ ಫೋನಿನಲ್ಲೇ ನಡೆಯುವಂತೆ ಮಾಡಿತು. ಇದರಿಂದ ಸೋಂಕುತಜ್ಞರಿಗೆ ರೋಗದ ಜಾಡು ಮಸುಕಾಗುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ; ಆ ನಷ್ಟ ನಿಜ, ಆದರೆ ಒಪ್ಪಿದವರಿಂದಷ್ಟೇ ಹೆಚ್ಚಿನ ಮಾಹಿತಿ ಪಡೆಯಲು ಅಡ್ಡಿಯಿಲ್ಲ. ಬಿಗಿ ಕಾನೂನು ಸಾಕೆನ್ನುವವರಿಗೆ ಸಿಂಗಪುರವೇ ಉತ್ತರ: 2021ರ ಫೆಬ್ರುವರಿಯಲ್ಲಿ ಅಲ್ಲಿ ಬಂದ ಕಾನೂನು ಗಂಭೀರ ಅಪರಾಧಗಳ ತನಿಖೆಗೆ ಬಾಗಿಲು ತೆರೆದೇ ಇಟ್ಟಿತು.