ಕೈಹಿಡಿಯುವ ವಿದ್ಯೆ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಿಂದಲೂ ಮಕ್ಕಳು ಮನಶ್ಶಾಸ್ತ್ರವನ್ನು ಓದಲು ಹೋಗುವ ಕಾಲವಿದು. ಓದಿದುದನ್ನು ಪ್ರಯೋಗಕ್ಕೆ ತರಲು ಅವರು ಕೆಲಕಾಲ ಅಂಧ ಕ್ರೀಡಾಪಟುಗಳ ಬಳಿಯಲ್ಲಿರುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಅಂಧರ ಕ್ರಿಕೆಟ್ಟಿನಲ್ಲಿ ಚೆಂಡು ಗಲಗಲನೆ ಸದ್ದುಮಾಡುವುದು. ಎಸೆಯುವವನು ‘ಸಿದ್ಧವೇ?’ ಎಂದು ಕೇಳಿ, ಉತ್ತರ ಬಂದಮೇಲೆಯೇ ಎಸೆಯುವನು. ನೋಡುವವರು ಗದ್ದಲಮಾಡಿದರೆ ಆಡುವವನಿಗೆ ಚೆಂಡೇ ಇಲ್ಲದಂತಾಗುವುದು. ಓಟದಲ್ಲಿ ಪೂರ್ಣಾಂಧನೂ ಜೊತೆಗಾರನೂ ಒಂದೇ ದಾರವನ್ನು ಹಿಡಿದು ಓಡುವರು. ಜೊತೆಗಾರನು ಎಳೆದರೆ ನಿಯಮಭಂಗ. ಆದುದರಿಂದ ಸಹಾಯಕ್ಕೆ ಹೋದ ವಿದ್ಯಾರ್ಥಿಗೆ ಮೊದಲ ಪಾಠ ಮೌನ. ಎರಡನೆಯದು, ಕೇಳದೆ ಕೈಹಿಡಿಯದಿರುವುದು. ‘ಹೆದರಬೇಡ’ ಎನ್ನುವುದಕ್ಕಿಂತ ಮುಂಚೆ ಹೆದರಿಕೆ ಯಾವುದೆಂದು ಕೇಳಬೇಕು.

ನಾವು ಉಪಾಧ್ಯಾಯರಾಗಿದ್ದಾಗ ಅಂಧ ಬಾಲಕನೊಬ್ಬನನ್ನು ಆಟದ ಹೊತ್ತಿನಲ್ಲಿ ಮರದಡಿಯಲ್ಲಿ ಕೂರಿಸುತ್ತಿದ್ದೆವು. ಅದನ್ನು ದಯೆಯೆಂದೇ ಎಣಿಸಿದ್ದೆವು. “ಮೇಷ್ಟ್ರೇ, ನನ್ನ ಸರದಿ ಯಾವಾಗ?” ಎಂದು ಒಂದು ದಿನ ಅವನು ಕೇಳಿದನು. ನಾವು ಉತ್ತರಿಸಲಿಲ್ಲ. ನ್ಯಾಮತಿಯ ನೆರೆಯ ಶಿವಮೊಗ್ಗೆಯ ಅಂಧರ ಶಾಲೆಯಲ್ಲಿ ಕಲಿತ ಶೇಖರ್ ನಾಯ್ಕರು 2012ರಲ್ಲಿ ನಾಯಕರಾಗಿ ಭಾರತಕ್ಕೆ ಅಂಧರ ವಿಶ್ವಕಪ್ಪನ್ನು ಗೆದ್ದುಕೊಟ್ಟ ವಾರ್ತೆಯನ್ನೋದಿದಾಗ ನಮಗೆ ಆ ಬಾಲಕನ ಮುಖವೇ ಕಣ್ಣಿಗೆ ಕಟ್ಟಿತು.

ವಾಚಕರು ತಮ್ಮ ಮಕ್ಕಳನ್ನು ಈ ಅಭ್ಯಾಸಕ್ಕೆ ಸಂತೋಷದಿಂದ ಕಳುಹಿಸಬೇಕೆಂದು ನಮ್ಮ ಪ್ರಾರ್ಥನೆ.