ಗ್ಯಾಸ್ ಉಂಟು, ಬಿಯರ್ ಇಲ್ಲ

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳಿಗೆ ಜಗತ್ತಿನೆಲ್ಲೆಡೆ ಒಂದೇ ತಲೆನೋವು: ಕೆಗ್‌ಗೆ, ಅಂದರೆ ಉಕ್ಕಿನ ಪೀಪಾಯಿಗೆ, ಬಿಯರ್ ತುಂಬುವ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೈಯಲ್ಲಿರುವುದಿಲ್ಲ. ಪರಿಹಾರ ಬಿಯರಿನೊಳಗೇ ಇದೆ. ಯೀಸ್ಟ್ ಸಕ್ಕರೆಯನ್ನು ತಿಂದು ಹೆಚ್ಚುಕಡಿಮೆ ಸಮತೂಕದ ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಹುದುಗುವಿಕೆ ಪೂರ್ತಿ ಮುಗಿದ ಮೇಲೆ ಲೀಟರಿಗೆ ನಾಲ್ಕೈದು ಗ್ರಾಂ ಸಕ್ಕರೆ ಬೆರೆಸಿ, ಮುಚ್ಚಳ ಬಿಗಿದು ಎರಡು ವಾರ ಬಿಟ್ಟರೆ ಬುರುಗು ತಾನಾಗಿ ಹುಟ್ಟುತ್ತದೆ. ತೊಡಕಿರುವುದು ಲೋಟಕ್ಕೆ ಇಳಿಸುವಾಗ. ಬಿಯರ್ ಇಳಿದಂತೆ ಒತ್ತಡವೂ ಇಳಿಯುತ್ತದೆ. ಕೈಪಂಪಿನಿಂದ ಗಾಳಿ ತುಂಬಿದರೆ ಆಮ್ಲಜನಕ ಸೇರಿ ಕೆಲವೇ ದಿನಗಳಲ್ಲಿ ರುಚಿ ಕೆಡುತ್ತದೆ. ಆದ್ದರಿಂದ ಹೊರಗಿನ ಗ್ಯಾಸ್ ಇಲ್ಲದ ಬಿಯರನ್ನು ನಾಲ್ಕು ಜನ ಕೂಡಿ ಬೇಗ ಮುಗಿಸಬೇಕು. ಇಂಗ್ಲೆಂಡಿನ ಕ್ಯಾಸ್ಕ್ ಏಲ್ ಇಂಥದ್ದೇ. ಅದನ್ನು ಉಳಿಸಲೆಂದು 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕರ ಸಂಘವೇ ಹುಟ್ಟಿತು.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈ ಪ್ರಶ್ನೆ ತಲೆಕೆಳಗಾಗುತ್ತದೆ. ಅಲ್ಲಿ ಗ್ಯಾಸಿಗೆ ಬರವಿಲ್ಲ. ಜೀರಾ ಸೋಡಾ, ನಿಂಬೆ ಸೋಡಾ ಬೀದಿಬೀದಿಯಲ್ಲಿ ನೊರೆಯುಕ್ಕಿಸುತ್ತವೆ. ಇಲ್ಲದಿರುವುದು ಬಿಯರ್ ಮಾಡುವ ಹಕ್ಕು. 1949ರ ಮುಂಬಯಿ ಪಾನನಿಷೇಧ ಕಾಯ್ದೆ 1960ರಲ್ಲಿ ಗುಜರಾತಿಗೆ ಬಳುವಳಿಯಾಗಿ ಬಂತು. 2017ರ ತಿದ್ದುಪಡಿಯ ನಂತರ ಮದ್ಯ ತಯಾರಿಕೆಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿ ದಂಡ ಬೀಳಬಹುದು.

ನಿಷೇಧದಿಂದ ಮೊದಲು ಕಾಣೆಯಾಗುವುದು ಸೌಮ್ಯವಾದ ಪಾನೀಯ. 20 ಲೀಟರ್ ಬಿಯರಿನಲ್ಲಿರುವಷ್ಟು ಆಲ್ಕೋಹಾಲ್ ಎರಡೂವರೆ ಲೀಟರ್ ವಿಸ್ಕಿಯಲ್ಲಿ ಅಡಗುತ್ತದೆ. ಬಿಯರಿಗೆ ಜಾಗ ಬೇಕು, ತಂಪು ಬೇಕು, ವಾರಗಟ್ಟಲೆ ಸಮಯ ಬೇಕು. ಅದರ ವಾಸನೆ ನೆರೆಮನೆಗೆ ಗೊತ್ತಾಗುತ್ತದೆ. ಸಿಕ್ಕಿಬಿದ್ದರೆ ಶಿಕ್ಷೆ ಒಂದೇ ಎಂದಾದಾಗ ಕಳ್ಳವ್ಯಾಪಾರಿ ಚಿಕ್ಕದನ್ನು, ಕಡುವಾದದ್ದನ್ನು ಆರಿಸಿಕೊಳ್ಳುತ್ತಾನೆ. ಬಡವರ ಪಾಲಿಗೆ ಉಳಿಯುವುದು ಕಳ್ಳಭಟ್ಟಿ, ಅದರಲ್ಲಿ ಕಾರ್ಖಾನೆಯ ಮೆಥನಾಲ್ ಬೆರೆತರೆ ಸಾವು. ಬಾರ್ಲಿಯ ಬಿಯರಿನಲ್ಲಿ ಮೆಥನಾಲ್ ನಾಮಮಾತ್ರ. ಕಳ್ಳಭಟ್ಟಿ ದುರಂತ ಮೂರೂ ಊರುಗಳನ್ನು ತಟ್ಟಿದೆ: 1989ರಲ್ಲಿ ವಡೋದರಾ, 2009ರಲ್ಲಿ ಅಹಮದಾಬಾದ್, 2016ರಲ್ಲಿ ಸೂರತ್ ಜಿಲ್ಲೆ. ಅಹಮದಾಬಾದಿನಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ನಿಷೇಧದ ಪರವಾಗಿ ಮಾತಾಡುವ ಹೆಂಗಸರ ಮಾತನ್ನು ತಳ್ಳಿಹಾಕುವಂತಿಲ್ಲ. ಗಂಡನ ಕೂಲಿ ಮನೆ ಮುಟ್ಟಿದರೆ ಮಕ್ಕಳಿಗೆ ಊಟ. ಕರ್ನಾಟಕವೂ 2007ರಲ್ಲಿ ಸಾರಾಯಿ ನಿಲ್ಲಿಸಿತು. ಗುಜರಾತನ್ನು ನೋಡಿ ನಗುವ ಅಧಿಕಾರವೂ ಕನ್ನಡಿಗರಿಗಿಲ್ಲ: ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಬಿಯರ್ ಹರಿಯುತ್ತಿದ್ದರೂ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಇಲ್ಲೂ ಅಪರಾಧ.

ಆದರೂ ಕಾನೂನು ಸಡಿಲವಾಗಬಲ್ಲದು ಎಂಬುದನ್ನು ಗುಜರಾತ್ ಸರ್ಕಾರವೇ ತೋರಿಸಿದೆ. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯ ನೌಕರರಿಗೂ ಅವರ ಅಧಿಕೃತ ಅತಿಥಿಗಳಿಗೂ ಅಲ್ಲಿನ ಹೋಟೆಲುಗಳಲ್ಲಿ ಕುಡಿಯಲು ಅವಕಾಶ ಕೊಟ್ಟಿತು. ವಿನಾಯಿತಿ ಕೊಡುವುದಾದರೆ ಅಳೆಯಬೇಕಾದದ್ದು ಪಾನೀಯದ ಕಡುತನವನ್ನು, ಅದರಿಂದಾಗುವ ಹಾನಿಯನ್ನು. ಮನೆಬಳಕೆಗೆ, ಮಾರಾಟವಿಲ್ಲದೆ, ಮಿತಿಯೊಳಗೆ ಹುದುಗಿಸಿದ 20 ಲೀಟರ್ ಬಿಯರನ್ನು ಮೆಥನಾಲ್ ಮಾರುವವನ ಡ್ರಮ್ಮಿನ ಪಕ್ಕ ಇಟ್ಟು ನೋಡುವ ಕಾನೂನು ತನ್ನ ಪೊಲೀಸರ ಸಮಯವನ್ನೂ ಹಾಳು ಮಾಡುತ್ತದೆ. ಕುಡಿತ ತಗ್ಗಿಸುವುದೇ ಗುರಿಯಾದರೆ ಕಡುವಾದದ್ದರಿಂದ ಸೌಮ್ಯವಾದದ್ದರ ಕಡೆಗೆ ಇಳಿಯುವ ಮೆಟ್ಟಿಲೊಂದನ್ನು ಬಿಟ್ಟಿರಬೇಕು. ಗುಜರಾತ್ ಮೊದಲು ಕಿತ್ತುಹಾಕಿದ್ದು ಆ ಮೆಟ್ಟಿಲನ್ನೇ.